ನಿಮಿಷದ ಮೇಲೆ ಹಿಡಿಯುತ್ತೆ, ಆದ್ರೂ ಕ್ಯೂಬಿಂಗ್ ಸ್ಪರ್ಧೆಗೆ ಹೋಗಬಹುದಾ?

ಪ್ರಶ್ನೆ: ನನ್ನ ಮಗಳಿಗೆ ಹತ್ತು ವರ್ಷ. ತ್ರೀ ಬೈ ತ್ರೀ ಕ್ಯೂಬನ್ನು, ಅಂದರೆ ಮಾಮೂಲಿ ರೂಬಿಕ್ಸ್ ಕ್ಯೂಬನ್ನು, ಸುಮಾರು 50 ಸೆಕೆಂಡಿನಲ್ಲಿ ಮುಗಿಸುತ್ತಾಳೆ. ಅವಳ ಜೊತೆ ಕೂತು ಕೂತು ನಾನೂ ಕಲಿತೆ, ನನಗೆ 1 ನಿಮಿಷ 20 ಸೆಕೆಂಡ್ ಬೇಕು. ಹತ್ತಿರದಲ್ಲೇ ಒಂದು ಅಧಿಕೃತ ಸ್ಪರ್ಧೆ ಇದೆ, ಇಬ್ಬರೂ ಹೆಸರು ಕೊಡೋಣ ಅಂತ ಅವಳ ಹಟ. ಅಲ್ಲಿ ಎಲ್ಲರೂ ಹತ್ತು ಸೆಕೆಂಡಿನವರೇ ಇದ್ದರೆ ನಾವು ನಗೆಪಾಟಲಾಗುವುದಿಲ್ಲವೇ? ನಿಯಮಗಳನ್ನು ಓದಿದರೆ ತಲೆ ತಿರುಗುತ್ತದೆ. ತಯಾರಿ ಹೇಗೆ?

ಉತ್ತರ: ಹೋಗಿ. ಇಬ್ಬರೂ ಹೋಗಿ. ಕ್ಯೂಬ್ ಕೈಗೆ ಬಂದಾಗಲೆಲ್ಲ ಯಾರನ್ನೂ ಕೇಳದೆ, ಫೋನ್ ನೋಡದೆ ಪೂರ್ತಿ ಮಾಡುತ್ತೀರಾ? ಹಾಗಿದ್ದರೆ ನೀವು ರೆಡಿ. ಎಷ್ಟು ಸೆಕೆಂಡ್ ಅನ್ನುವುದು ಆಮೇಲಿನ ಮಾತು. ಜಡ್ಜ್ ಆಗಿ ಎದುರು ಕೂತು ತುಂಬಾ ಜನ ಹೊಸಬರನ್ನು ನೋಡಿದ್ದೇನೆ. ಅವರು ಸಮಯ ಕಳೆದುಕೊಳ್ಳುವುದು ಬೆರಳು ನಿಧಾನ ಅಂತ ಅಲ್ಲವೇ ಅಲ್ಲ. ಮ್ಯಾಟ್ ಮೇಲೆ ಕ್ಯೂಬ್ ಇಡುವುದು, ಟೈಮರ್ ಮೇಲೆ ಕೈ ಇಡುವುದು, ಮುಗಿದ ಮೇಲೆ ಸುಮ್ನೆ ಕೂರುವುದು, ಈ ಮೂರರಲ್ಲೇ ಎಡವುತ್ತಾರೆ. ಮನೆಯಲ್ಲಿ ಇದನ್ನು ಯಾರೂ ಅಭ್ಯಾಸ ಮಾಡುವುದಿಲ್ಲ. ನಿಮಗೆ ಹೇಳಬೇಕಾಗಿರುವುದೂ ಮುಖ್ಯವಾಗಿ ಇದೇ.

ಮೊದಲು ನಗೆಪಾಟಲಿನ ವಿಷಯ ಮುಗಿಸೋಣ. ಒಂದು ಸುತ್ತಿನಲ್ಲಿ ಹತ್ತಾರು ಟೇಬಲ್‌ಗಳಲ್ಲಿ ಒಟ್ಟಿಗೆ ಸಾಲ್ವ್ (ಕೆದರಿದ ಕ್ಯೂಬನ್ನು ಒಂದು ಸಲ ಪೂರ್ತಿ ಜೋಡಿಸುವುದು) ನಡೆಯುತ್ತಿರುತ್ತದೆ. ನಿಮ್ಮನ್ನು ನೋಡುತ್ತಿರುವುದು ಒಬ್ಬರೇ, ನಿಮ್ಮ ಜಡ್ಜ್, ಅವರ ಕಣ್ಣೂ ಹೆಚ್ಚಾಗಿ ಟೈಮರ್ ಮೇಲೆ. ವಯಸ್ಸಿನ ಮಿತಿ ಇಲ್ಲ, ವಯಸ್ಸಿನ ಪ್ರಕಾರ ಬೇರೆ ಬೇರೆ ವಿಭಾಗವೂ ಇಲ್ಲ, ಹತ್ತರ ಹುಡುಗಿ, ನಲವತ್ತರ ಅಪ್ಪ, ಎಂಟು ಸೆಕೆಂಡಿನ ಕಾಲೇಜು ಹುಡುಗ ಎಲ್ಲ ಒಂದೇ ಸಾಲಿನಲ್ಲಿ ಕೂರುತ್ತಾರೆ. 1982ರಲ್ಲಿ ಬುಡಾಪೆಸ್ಟ್‌ನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಮಿನ್ ತಾಯ್ ಅವರ ಸಮಯವೇ 22.95 ಸೆಕೆಂಡ್. ಇವತ್ತು ಆ ಸಮಯ ತೆಗೆದವರು ಎರಡನೇ ಸುತ್ತಿಗೆ ಹೋಗದಿರಬಹುದು. ವೇಗ ಅನ್ನುವುದು ಆ ಕಾಲಕ್ಕೆ, ಆ ಸಭಾಂಗಣಕ್ಕೆ ತಕ್ಕಂತೆ ಬದಲಾಗುತ್ತಲೇ ಇರುತ್ತದೆ, ಅದನ್ನು ಹಿಡಿದುಕೊಂಡು ಹೋಗಬೇಕೋ ಬೇಡವೋ ಅಂತ ತೀರ್ಮಾನ ಮಾಡಿದರೆ ಯಾವತ್ತೂ ಹೋಗುವುದಿಲ್ಲ.

ಇನ್ನು "ಲೋಕಲ್ ಸ್ಪರ್ಧೆ ತಾನೇ" ಅನ್ನುವವರೂ ಸಿಗುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ವರ್ಲ್ಡ್ ಕ್ಯೂಬ್ ಅಸೋಸಿಯೇಷನ್, ಅಂದರೆ ಡಬ್ಲ್ಯೂಸಿಎ, 2004ರಲ್ಲಿ ಶುರುವಾದ ಸಂಸ್ಥೆ. ಅದರ ಅಡಿಯಲ್ಲಿ ನಡೆಯುವ ಚಿಕ್ಕ ಸ್ಪರ್ಧೆಗೂ ವಿಶ್ವ ಚಾಂಪಿಯನ್‌ಶಿಪ್‌ಗೂ ನಿಯಮ ಒಂದೇ, ಟೈಮರ್ ಒಂದೇ ಥರದ್ದು, ಎರಡು ಕಡೆಯೂ ಡಬ್ಲ್ಯೂಸಿಎ ಡೆಲಿಗೇಟ್ ಒಬ್ಬರು, ಅಂದರೆ ನಿಯಮ ನೋಡಿಕೊಳ್ಳುವ ಸಂಸ್ಥೆಯ ಪ್ರತಿನಿಧಿ, ಇರಲೇಬೇಕು. 2018ರಲ್ಲಿ ಯುಶೆಂಗ್ ಡು 3.47 ಸೆಕೆಂಡಿನ ವಿಶ್ವದಾಖಲೆ ಮಾಡಿದ್ದು ಚೀನಾದ ವೂಹು ಎಂಬಲ್ಲಿನ ಒಂದು ಊರಮಟ್ಟದ ಸ್ಪರ್ಧೆಯಲ್ಲಿ. 2023ರಲ್ಲಿ ಮ್ಯಾಕ್ಸ್ ಪಾರ್ಕ್ ಅದನ್ನು 3.13ಕ್ಕೆ ಇಳಿಸಿದ್ದೂ ಅಮೆರಿಕದ ಲಾಂಗ್ ಬೀಚ್‌ನ ಅಂಥದ್ದೇ ಸ್ಪರ್ಧೆಯಲ್ಲಿ. ನಿಮ್ಮ 1 ನಿಮಿಷ 20 ಸೆಕೆಂಡ್ ಕೂಡ ಅದೇ ಪಟ್ಟಿಗೆ ಸೇರುತ್ತದೆ, ಎಷ್ಟೋ ಕೆಳಗೆ ಇದ್ದರೂ.

ನೀವು ನಿಜವಾಗಿ ನೋಡಬೇಕಾದ ಎರಡು ಸಂಖ್ಯೆಗಳು ಸ್ಪರ್ಧೆಯ ಪುಟದಲ್ಲಿರುತ್ತವೆ: ಟೈಮ್ ಲಿಮಿಟ್, ಕಟ್‌ಆಫ್. ಟೈಮ್ ಲಿಮಿಟ್ ಅಂದರೆ ಒಂದು ಸಾಲ್ವ್‌ಗೆ ಸಿಗುವ ಗರಿಷ್ಠ ಸಮಯ. ಬೇರೆ ಏನೂ ಹೇಳದಿದ್ದರೆ 10 ನಿಮಿಷ, ಆಯೋಜಕರು ಕಡಿಮೆ ಮಾಡಿರಬಹುದು. ಅದು ದಾಟಿದರೆ ಜಡ್ಜ್ ನಿಲ್ಲಿಸುತ್ತಾರೆ. ಕಟ್‌ಆಫ್ ಬೇರೆ. ಎಲ್ಲ ಸ್ಪರ್ಧೆಯಲ್ಲೂ ಅದು ಇರುವುದಿಲ್ಲ, ಇದ್ದರೆ ಸುತ್ತಿನ ಐದು ಸಾಲ್ವ್‌ಗಳ ಪೈಕಿ ಮೊದಲ ಎರಡರಲ್ಲಿ ಒಂದಾದರೂ ಆ ಸಮಯಕ್ಕಿಂತ ಕಡಿಮೆ ಬರಬೇಕು, ಬಂದರೆ ಮಾತ್ರ ಉಳಿದ ಮೂರು ಸಿಗುತ್ತವೆ. ಕಟ್‌ಆಫ್ 1 ನಿಮಿಷ 30 ಸೆಕೆಂಡ್ ಆಗಿದ್ದರೆ ನೀವಿಬ್ಬರೂ ಪಾರು. 1 ನಿಮಿಷ ಆಗಿದ್ದರೆ ಮಗಳು ಐದೂ ಮಾಡುತ್ತಾಳೆ, ನೀವು ಎರಡಕ್ಕೇ ಎದ್ದು ಬರಬೇಕಾಗಬಹುದು. ಹಾಗಾದರೂ ನಷ್ಟವೇನಿಲ್ಲ, ಆ ಎರಡರಲ್ಲಿ ಉತ್ತಮವಾದದ್ದು ನಿಮ್ಮ ಅಧಿಕೃತ ಸಿಂಗಲ್ (ಒಂದೇ ಸಾಲ್ವ್‌ನ ಅತ್ಯುತ್ತಮ ಸಮಯ) ಆಗಿ ದಾಖಲಾಗುತ್ತದೆ.

ನೋಂದಣಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಬ್ಲ್ಯೂಸಿಎ ವೆಬ್‌ಸೈಟಿನಲ್ಲಿ ಇಬ್ಬರಿಗೂ ಬೇರೆ ಬೇರೆ ಖಾತೆ ತೆರೆಯಿರಿ, ಹೆಸರು ಮತ್ತು ಹುಟ್ಟಿದ ದಿನಾಂಕ ಗುರುತಿನ ಚೀಟಿಯಲ್ಲಿ ಇರುವ ಹಾಗೇ ಹಾಕಿ, ಮೊದಲ ಸ್ಪರ್ಧೆಗೆ ಆ ಚೀಟಿ ತೋರಿಸಬೇಕಾಗುತ್ತದೆ. ನೋಂದಣಿ ತೆರೆಯುವ ಸಮಯಕ್ಕೆ ಸರಿಯಾಗಿ ಕೂತಿರಿ, ಸೀಟುಗಳು ಬೇಗ ಖಾಲಿಯಾಗುತ್ತವೆ, ತಡವಾದರೆ ವೇಟಿಂಗ್ ಲಿಸ್ಟೇ ಗತಿ. ಡಬ್ಲ್ಯೂಸಿಎಯಲ್ಲಿ 17 ಬಗೆಯ ಸ್ಪರ್ಧೆಗಳಿವೆ, ಪಿರಮಿಡ್ ಆಕಾರದ ಪಿರಮಿಂಕ್ಸ್‌ನಿಂದ ಹಿಡಿದು ಕಣ್ಣು ಕಟ್ಟಿಕೊಂಡು ಮಾಡುವ ಫೈವ್ ಬೈ ಫೈವ್‌ವರೆಗೆ. ಮೊದಲ ಸಲಕ್ಕೆ ತ್ರೀ ಬೈ ತ್ರೀ, ಬೇಕಾದರೆ ಟೂ ಬೈ ಟೂ. ಅಷ್ಟು ಸಾಕು. ಎಲ್ಲದಕ್ಕೂ ಹೆಸರು ಕೊಟ್ಟರೆ ದಿನವಿಡೀ ಓಡಾಟವೇ ಆಗುತ್ತದೆ, ಒಂದನ್ನೂ ನೆಮ್ಮದಿಯಾಗಿ ಮಾಡಲಾಗುವುದಿಲ್ಲ.

ಈಗ ಟೇಬಲ್ ಹತ್ತಿರ ಏನಾಗುತ್ತದೆ ಅಂತ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ನಿಮ್ಮ ತಲೆ ತಿರುಗಿಸಿದ್ದು ಈ ಭಾಗವೇ ಇರಬೇಕು. ನಿಮ್ಮ ಗುಂಪಿನ ಹೆಸರು ಕರೆದಾಗ ನಿಮ್ಮ ಕ್ಯೂಬನ್ನು ಕೊಟ್ಟು ಕಾಯುವ ಜಾಗದಲ್ಲಿ ಕೂರುತ್ತೀರಿ. ಒಳಗೆ ಸ್ಕ್ರ್ಯಾಂಬ್ಲರ್‌ಗಳು ಕಂಪ್ಯೂಟರ್ ಕೊಟ್ಟ ಸ್ಕ್ರ್ಯಾಂಬಲ್, ಅಂದರೆ ತಿರುವುಗಳ ಪಟ್ಟಿ, ಪ್ರಕಾರ ಕ್ಯೂಬ್ ಕೆದರುತ್ತಾರೆ, ಒಂದೇ ಗುಂಪಿನವರಿಗೆಲ್ಲ ಒಂದೇ ಸ್ಕ್ರ್ಯಾಂಬಲ್. ಅದಕ್ಕೇ ಅದು ಯಾರ ಕಣ್ಣಿಗೂ ಬೀಳಬಾರದು, ಕ್ಯೂಬ್ ಮುಚ್ಚಳದ ಒಳಗೆ ಅಡಗಿ ಟೇಬಲ್‌ಗೆ ಬರುತ್ತದೆ. ಜಡ್ಜ್ "ರೆಡಿನಾ" ಅಂತ ಕೇಳುತ್ತಾರೆ. ಹೂಂ ಅಂದಮೇಲೆ ಮುಚ್ಚಳ ಎತ್ತಿ, ಅವರ ಕೈಯಲ್ಲಿರುವ ಸ್ಟಾಪ್‌ವಾಚ್ ಒತ್ತುತ್ತಾರೆ. ಇಲ್ಲಿಂದ ನಿಮಗೆ 15 ಸೆಕೆಂಡ್. ಕ್ಯೂಬ್ ಎತ್ತಿ ಎಲ್ಲ ಕಡೆಯಿಂದ ನೋಡಬಹುದು, ತಿರುಗಿಸುವಂತಿಲ್ಲ. 8 ಸೆಕೆಂಡಿಗೆ ಜಡ್ಜ್ "ಎಂಟು" ಅಂತ ಕೂಗುತ್ತಾರೆ, 12ಕ್ಕೆ "ಹನ್ನೆರಡು" ಅಂತ, ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಮೊದಲ ಸಲ ಬಂದವರು ಹನ್ನೆರಡು ಅಂದ ತಕ್ಷಣ ಬೆಚ್ಚಿ ಬೀಳುತ್ತಾರೆ, ಕ್ಯೂಬನ್ನು ಬಿಸಾಡಿದ ಹಾಗೆ ಇಟ್ಟು ಟೈಮರ್ ಕಡೆ ಕೈ ಚಾಚುತ್ತಾರೆ. ಬೆಚ್ಚಬೇಕಾಗಿಲ್ಲ. ಮೂರು ಸೆಕೆಂಡ್ ಅಂದರೆ ಆರಾಮ.

ಕ್ಯೂಬನ್ನು ಮ್ಯಾಟ್ ಮೇಲೆ ಇಡಿ. ಕೈ ಪೂರ್ತಿ ಬಿಡಿ. ಅಂಗೈ ಕೆಳಗೆ ಮಾಡಿ ಎರಡೂ ಕೈಯ ಬೆರಳುಗಳನ್ನು ಟೈಮರ್‌ನ ಎರಡು ಪ್ಯಾಡ್‌ಗಳ ಮೇಲೆ ಇಡಿ. ಕೆಂಪು ದೀಪ ಬರುತ್ತದೆ, ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹೊತ್ತು ಒತ್ತಿ ಹಿಡಿದರೆ ಹಸಿರು. ಹಸಿರು ಬಂದ ಮೇಲೆ ಕೈ ಎತ್ತಿದ ಕ್ಷಣದಿಂದ ಟೈಮರ್ ಓಡುತ್ತದೆ. ಹಸಿರು ಬರುವ ಮೊದಲೇ ಎತ್ತಿದರೆ ಓಡುವುದಿಲ್ಲ, ಆಗ ಗಾಬರಿಯಾಗಿ ಕ್ಯೂಬ್ ತಿರುಗಿಸಲು ಹೋಗಬೇಡಿ, ಮತ್ತೆ ಕೈ ಇಡಿ ಅಷ್ಟೇ. 15 ಸೆಕೆಂಡ್ ಒಳಗೆ ಶುರು ಮಾಡದಿದ್ದರೆ ನಿಮ್ಮ ಸಮಯಕ್ಕೆ 2 ಸೆಕೆಂಡ್ ಸೇರುತ್ತದೆ, ಇದನ್ನೇ ಪ್ಲಸ್ ಟು ಅನ್ನುವುದು. 17 ದಾಟಿದರೆ ಆ ಸಾಲ್ವ್ ಡಿಎನ್‌ಎಫ್, ಲೆಕ್ಕಕ್ಕಿಲ್ಲ.

ಮುಗಿದ ಮೇಲೆ ಕ್ಯೂಬ್ ಕೆಳಗಿಟ್ಟು, ಕೈ ಬಿಟ್ಟು, ಆಮೇಲೆ ಎರಡೂ ಅಂಗೈ ಚಪ್ಪಟೆಯಾಗಿ ಟೈಮರ್ ಮೇಲೆ. ಕ್ಯೂಬ್ ಇನ್ನೂ ಕೈಯಲ್ಲಿರುವಾಗಲೇ ಟೈಮರ್ ಹೊಡೆದರೆ ಪ್ಲಸ್ ಟು. ಇಲ್ಲಿ ಒಂದು ಸಂಗತಿ ನೋಡಿ. ಕೊನೆಯ ಪದರವನ್ನು ಒಂದು ಸಲ ತಿರುಗಿಸಿ ಜೋಡಿಸಬೇಕಲ್ಲ, ಆ ಕಡೆಯ ತಿರುವು ಅರ್ಧಕ್ಕೆ ನಿಂತಿರುವಾಗಲೇ ಜನ ಕ್ಯೂಬ್ ಬಿಟ್ಟುಬಿಡುತ್ತಾರೆ. ಪದರ 45 ಡಿಗ್ರಿಯವರೆಗೆ ಓರೆಯಾಗಿದ್ದರೆ ತೊಂದರೆ ಇಲ್ಲ, ಮುಗಿದ ಹಾಗೇ ಲೆಕ್ಕ. ಅದಕ್ಕಿಂತ ಜಾಸ್ತಿ ಓರೆಯಾಗಿದ್ದರೆ ಒಂದು ತಿರುವು ಬಾಕಿ ಅಂತ ಪ್ಲಸ್ ಟು, ಎರಡು ತಿರುವು ಬಾಕಿ ಇದ್ದರೆ ಡಿಎನ್‌ಎಫ್. ಆ ಓರೆ ಪದರ ಕಣ್ಣಿಗೆ ಬಿದ್ದ ಕೂಡಲೇ ಬೆರಳು ತಾನಾಗಿ ಹೋಗಿ ಸರಿ ಮಾಡಲು ನೋಡುತ್ತದೆ. ಎಲ್ಲಕ್ಕಿಂತ ದುಬಾರಿ ತಪ್ಪು ಅದು. ಜಡ್ಜ್ ನೋಡಿ ಹೇಳುವ ಮೊದಲು ಕ್ಯೂಬ್ ಮುಟ್ಟಿ ತಿರುಗಿಸಿದರೆ ಪ್ಲಸ್ ಟು ಅಲ್ಲ, ಇಡೀ ಸಾಲ್ವೇ ಹೋಗುತ್ತದೆ. ಮಗಳಿಗೆ ಒಂದೇ ಮಾತು ಹೇಳಿಕೊಡಿ: ಟೈಮರ್ ನಿಲ್ಲಿಸಿದ ಮೇಲೆ ಕೈ ಎರಡೂ ತೊಡೆಯ ಮೇಲೆ.

ಆಮೇಲೆ ಜಡ್ಜ್ ಸ್ಕೋರ್‌ಕಾರ್ಡ್‌ನಲ್ಲಿ ಸಮಯ ಬರೆದು ನಿಮ್ಮ ಸಹಿ ಕೇಳುತ್ತಾರೆ. ಟೈಮರ್‌ನಲ್ಲಿರುವ ಅಂಕಿ, ಕಾರ್ಡಿನ ಅಂಕಿ ಎರಡನ್ನೂ ಓದಿ ಸಹಿ ಹಾಕಿ. ಮಕ್ಕಳು ನೋಡದೆ ಹಾಕಿಬಿಡುತ್ತಾರೆ, 47 ಅನ್ನುವುದು 41 ಆಗಿಯೋ 57 ಆಗಿಯೋ ಬರೆದಿದ್ದರೂ ಗೊತ್ತಾಗುವುದಿಲ್ಲ. ಟೈಮರ್ ಕೆಟ್ಟಿತು, ಯಾರೋ ಟೇಬಲ್‌ಗೆ ಡಿಕ್ಕಿ ಹೊಡೆದರು, ಪೆನಾಲ್ಟಿ ಸರಿಯಿಲ್ಲ ಅನ್ನಿಸಿತು, ಏನೇ ಆದರೂ ಸಹಿ ಮಾಡುವ ಮೊದಲು, ಅಲ್ಲೇ ಕೂತು "ಡೆಲಿಗೇಟ್ ಕರೀರಿ" ಅನ್ನಬೇಕು. ಜಗಳ ಬೇಡ, ಸಂಕೋಚವೂ ಬೇಡ. ನಿಮ್ಮ ಮಾತು ನ್ಯಾಯ ಅನ್ನಿಸಿದರೆ ಡೆಲಿಗೇಟ್ ಇನ್ನೊಂದು ಸಾಲ್ವ್ ಕೊಡಬಹುದು. ಮನೆಗೆ ಬಂದ ಮೇಲೆ ಮಿಂಚಂಚೆ ಬರೆದರೆ ಹೆಚ್ಚೇನೂ ಆಗುವುದಿಲ್ಲ.

ಸಾಲ್ವ್ ಮಧ್ಯೆ ಕ್ಯೂಬಿನ ತುಂಡು ಕಿತ್ತು ಹಾರಿದರೆ? ಎತ್ತಿಕೊಂಡು ಸಿಕ್ಕಿಸಿ ಮುಂದುವರಿಸಬಹುದು, ಟೈಮರ್ ಮಾತ್ರ ಓಡುತ್ತಲೇ ಇರುತ್ತದೆ. ಒಂದು ಮೂಲೆ ಅಲ್ಲೇ ತಿರುಚಿಕೊಂಡು ಕ್ಯೂಬ್ ಮುಗಿಯದ ಸ್ಥಿತಿಗೆ ಬಂದರೂ, ಬಿಚ್ಚದೆ ಆ ಒಂದು ಮೂಲೆಯನ್ನು ಹಾಗೇ ತಿರುಚಿ ಸರಿ ಮಾಡಲು ನಿಯಮದಲ್ಲಿ ಅವಕಾಶ ಇದೆ. ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳು ಅಲ್ಲೇ ಕೈ ಚೆಲ್ಲುತ್ತಾರೆ.

ಐದು ಸಾಲ್ವ್ ಆದ ಮೇಲೆ ಸರಾಸರಿ ತೆಗೆಯುವ ಲೆಕ್ಕ ಹೀಗೆ: ಎಲ್ಲಕ್ಕಿಂತ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬಿಟ್ಟು ಮಧ್ಯದ ಮೂರರ ಸರಾಸರಿ. ಮಗಳಿಗೆ 48.21, 55.90, 51.07, ಒಂದು ಡಿಎನ್‌ಎಫ್, ಕೊನೆಗೆ 46.65 ಬಂತು ಅಂದುಕೊಳ್ಳಿ. ಡಿಎನ್‌ಎಫ್ ಅತಿ ಕೆಟ್ಟದ್ದು ಅಂತ ಹೋಯಿತು, 46.65 ಅತಿ ಒಳ್ಳೆಯದು ಅಂತ ಹೋಯಿತು, ಉಳಿದ ಮೂರರ ಸರಾಸರಿ 51.73. ಅಂದರೆ ಒಂದು ಸಾಲ್ವ್ ಪೂರ್ತಿ ಹಾಳಾದರೂ ಸರಾಸರಿ ಉಳಿಯುತ್ತದೆ, ಎರಡು ಹಾಳಾದರೆ ಮಾತ್ರ ಸರಾಸರಿಯೂ ಡಿಎನ್‌ಎಫ್. ಮೊದಲ ಸಾಲ್ವ್‌ನಲ್ಲೇ ಎಡವಟ್ಟಾಯಿತು ಅಂತ ಅಳುವ ಮಗುವಿಗೆ ಇದಕ್ಕಿಂತ ಒಳ್ಳೆಯ ಸಮಾಧಾನ ಬೇರೆ ಇಲ್ಲ, ಮೊದಲೇ ಹೇಳಿಟ್ಟಿರಿ.

ತಯಾರಿಗೆ ಬರೋಣ. ನಿಮ್ಮ ಮನೆಯಲ್ಲಿ ಇಬ್ಬರು ಕ್ಯೂಬರ್‌ಗಳಿದ್ದೀರಿ, ಇದು ದೊಡ್ಡ ಅನುಕೂಲ. ಒಬ್ಬರಿಗೊಬ್ಬರು ಜಡ್ಜ್ ಆಗಿ. ನೀವು ಪಕ್ಕದ ಕೋಣೆಗೆ ಹೋಗಿ ಸ್ಕ್ರ್ಯಾಂಬಲ್ ಮಾಡಿ, ಒಂದು ಡಬ್ಬಿ ಮುಚ್ಚಿ ತಂದು ಅವಳ ಮುಂದೆ ಇಡಿ. ಫೋನಿನ ಸ್ಟಾಪ್‌ವಾಚ್ ಹಿಡಿದು ಎಂಟು, ಹನ್ನೆರಡು ಜೋರಾಗಿ ಹೇಳಿ. ಕೈ ಸರಿಯಾಗಿ ಇಟ್ಟಳಾ, ಕ್ಯೂಬ್ ಬಿಟ್ಟು ನಿಲ್ಲಿಸಿದಳಾ, ಆಮೇಲೆ ಮುಟ್ಟಿದಳಾ, ನಿಷ್ಠುರವಾಗಿ ನೋಡಿ ಪ್ಲಸ್ ಟು ಹಾಕಿ. ಅವಳು ನಿಮಗೆ ಹಾಕುವಾಗ ಇನ್ನೂ ನಿಷ್ಠುರವಾಗಿರುತ್ತಾಳೆ, ಬಿಡಿ. ಮುಖ್ಯವಾದದ್ದು, ಐದೇ ಸಾಲ್ವ್, ಅದೂ ಒಂದಾದ ಮೇಲೆ ಒಂದರ ಹಾಗಲ್ಲ. ಪ್ರತಿ ಸಾಲ್ವ್ ಮಧ್ಯೆ ಐದು ನಿಮಿಷ ಸುಮ್ನೆ ಕೂರಬೇಕು. ಸ್ಪರ್ಧೆಯಲ್ಲಿ ಹಾಗೇ ಆಗುತ್ತದೆ, ನಿಮ್ಮ ಕ್ಯೂಬ್ ಸ್ಕ್ರ್ಯಾಂಬಲ್ ಆಗಿ ಬರುವವರೆಗೆ ಕಾಯುತ್ತೀರಿ, ಅಷ್ಟರಲ್ಲಿ ಬೆರಳು ತಣ್ಣಗಾಗಿರುತ್ತದೆ. ಮನೆಯಲ್ಲಿ ನೂರು ಸಾಲ್ವ್ ಒಂದೇ ಸಮನೆ ಮಾಡಿ ಅರವತ್ತನೆಯದರಲ್ಲಿ ಬಂದ ಒಳ್ಳೆಯ ಸಮಯವನ್ನು ತನ್ನ ನಿಜವಾದ ವೇಗ ಅಂದುಕೊಂಡವರಿಗೆ ಇಲ್ಲಿ ಪೆಟ್ಟು ಬೀಳುವುದು.

ಇನ್ನೊಂದು. ಕಂಪ್ಯೂಟರಿನಲ್ಲಿ ಸಿಎಸ್‌ಟೈಮರ್ ಎಂಬ ಟೈಮರ್ ಪುಟ ಬಳಸುವವರು ಒಂದು ಕೈಯಲ್ಲಿ ಕ್ಯೂಬ್ ಹಿಡಿದೇ ಸ್ಪೇಸ್ ಬಾರ್ ಒತ್ತಿ ಶುರು ಮಾಡುತ್ತಾರೆ. ಆ ಸಮಯದಲ್ಲಿ ಕ್ಯೂಬ್ ಎತ್ತುವುದು, ಇಡುವುದು ಸೇರಿಯೇ ಇಲ್ಲ. ಕ್ಯೂಬ್ ಮೇಜಿನ ಮೇಲಿಟ್ಟು, ಎರಡೂ ಕೈ ಕೀಬೋರ್ಡ್ ಮೇಲಿಟ್ಟು ಶುರು ಮಾಡಿ, ನಿಲ್ಲಿಸುವಾಗಲೂ ಹಾಗೇ. ಮಗಳ 50 ಸೆಕೆಂಡ್ 51 ಆಗಬಹುದು, ಆಗಲಿ. ಟೈಮರ್ ಕೊಳ್ಳಲೇಬೇಕು ಅಂತೇನಿಲ್ಲ. ಸ್ಪರ್ಧೆಯ ಬೆಳಗ್ಗೆ ಖಾಲಿ ಟೇಬಲ್ ಸಿಕ್ಕರೆ ಕೇಳಿಕೊಂಡು ನಾಲ್ಕು ಸಲ ಕೈ ಇಟ್ಟು ಎತ್ತಿ ನೋಡಿ.

15 ಸೆಕೆಂಡ್ ಇನ್‌ಸ್ಪೆಕ್ಷನ್‌ನಲ್ಲಿ ಏನು ಮಾಡಬೇಕು ಅಂತ ಕೇಳುವವರು ಜಾಸ್ತಿ. ವೇಗದವರು ಕ್ರಾಸ್ (ಒಂದು ಮುಖದ ನಾಲ್ಕು ಅಂಚುಗಳನ್ನು ಕೂಡಿಸುವ ಮೊದಲ ಹಂತ) ಪೂರ್ತಿ, ಅದರ ಜೊತೆ ಮೂಲೆ-ಅಂಚಿನ ಮೊದಲ ಜೋಡಿಯನ್ನೂ ಮನಸ್ಸಿನಲ್ಲೇ ಮಾಡಿ ಮುಗಿಸಿರುತ್ತಾರೆ. ನಿಮಗೆ ಅದು ಈಗಲೇ ಬೇಡ. ಕ್ರಾಸ್‌ನ ನಾಲ್ಕು ಅಂಚುಗಳು ಎಲ್ಲಿವೆ ಅಂತ ನೋಡಿ, ಮೊದಲ ಎರಡನ್ನು ಹೇಗೆ ತರುತ್ತೀರಿ ಅಂತ ತೀರ್ಮಾನಿಸಿ, ಅಷ್ಟೇ. "ಎಂಟು" ಅಂದಾಗ ಇನ್ನೂ ಹುಡುಕುತ್ತಿದ್ದರೂ ಪರವಾಗಿಲ್ಲ. "ಹನ್ನೆರಡು" ಅಂದಾಗ ಕ್ಯೂಬ್ ಕೆಳಗೆ, ಚರ್ಚೆ ಇಲ್ಲ. ಇದನ್ನು ಅಭ್ಯಾಸ ಮಾಡಿದ್ದರೆ ಇನ್‌ಸ್ಪೆಕ್ಷನ್ ಪೆನಾಲ್ಟಿ ನಿಮ್ಮ ಹತ್ತಿರ ಸುಳಿಯುವುದಿಲ್ಲ.

ಸ್ಪರ್ಧೆಯ ಹಿಂದಿನ ವಾರ ಹೊಸ ಅಲ್ಗಾರಿದಮ್ (ಬಾಯಿಪಾಠ ಮಾಡುವ ತಿರುವುಗಳ ಸರಣಿ) ಕಲಿಯಬೇಡಿ. ಹೊಸ ಕ್ಯೂಬ್ ಬೇಡ, ಹಿಂದಿನ ರಾತ್ರಿ ಕ್ಯೂಬ್ ಜಾರಲು ಲ್ಯೂಬ್ ಎಣ್ಣೆ ಹಾಕುವುದಂತೂ ಬೇಡವೇ ಬೇಡ, ಬೆಳಗ್ಗೆ ಎದ್ದರೆ ಅದು ಬೇರೆಯವರ ಕ್ಯೂಬ್ ಥರ ಓಡುತ್ತದೆ. ಕೈ ನಡುಗುವುದು ಗ್ಯಾರಂಟಿ, ವರ್ಷಗಟ್ಟಲೆ ಆಡಿದವರಿಗೂ ನಡುಗುತ್ತದೆ. ನಡುಗುವ ಕೈಯಲ್ಲಿ ವೇಗವಾಗಿ ತಿರುಗಿಸಲು ಹೋದರೆ ಕ್ಯೂಬ್ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲ ಎರಡು ಪದರವನ್ನು ಬೇಕಂತಲೇ ನಿಧಾನ ಮಾಡಿ, ನಿಲ್ಲಿಸದೆ ಮಾಡಿ. ನಿಮ್ಮ ವೇಗದಲ್ಲಿ ಸಮಯ ಹೋಗುವುದು ತಿರುಗಿಸುವುದರಲ್ಲಿ ಕಡಿಮೆ, ಮುಂದಿನ ತುಂಡು ಎಲ್ಲಿದೆ ಅಂತ ಹುಡುಕುವುದರಲ್ಲೇ ಜಾಸ್ತಿ.

ಕ್ಯೂಬಿನ ಬಗ್ಗೆ ಚಿಕ್ಕದಾಗಿ: ಮ್ಯಾಗ್ನೆಟ್ ಇರಬಹುದು, ಸ್ಟಿಕರ್ ಇಲ್ಲದ್ದೂ ಆಗುತ್ತದೆ. ಫೋನಿಗೆ ಕನೆಕ್ಟ್ ಆಗುವ ಸ್ಮಾರ್ಟ್ ಕ್ಯೂಬ್ ಮನೆಯಲ್ಲಿ ಬಿಡಿ. ಮೇಲೆ ಹೆಸರು ಬರೆಯಬೇಡಿ. ಒಂದು ತುಂಡು ಇನ್ನೊಂದಕ್ಕಿಂತ ಬೇರೆ ಅಂತ ಗುರುತು ಸಿಗುವಂಥ ಕಲೆ, ಒಡಕು ಏನಿದ್ದರೂ ಆ ಕ್ಯೂಬನ್ನು ಬೇಡ ಅನ್ನಬಹುದು. ಹೆಸರು ಬೇಕಿದ್ದರೆ ಡಬ್ಬಿಯ ಮೇಲೆ ಬರೆಯಿರಿ. ಇನ್ನೊಂದು ಕ್ಯೂಬ್ ಚೀಲದಲ್ಲಿರಲಿ, ಕಾಯುವಾಗ ಬೆರಳು ಬಿಸಿ ಮಾಡಿಕೊಳ್ಳಲು ಅದೇ ಬೇಕು.

ಅಪ್ಪನಾಗಿ ನಿಮಗೆ ಒಂದು ಮಾತು. ಅವಳು ಟೇಬಲ್ ಮುಂದೆ ಕೂತಾಗ ದೂರ ಇರಿ. ಮಾತಾಡಿಸುವಂತಿಲ್ಲ, ಸನ್ನೆ ಮಾಡುವಂತಿಲ್ಲ, ಫ್ಲ್ಯಾಶ್ ಹಾಕಿ ಫೋಟೋ ಬೇಡ. ಎದ್ದು ಬಂದ ಕೂಡಲೇ "ಎಷ್ಟಾಯ್ತು?" ಅಂತ ಕೇಳುವ ಅಪ್ಪ ಅಮ್ಮಂದಿರನ್ನು ಕಂಡರೆ ನನಗೆ ಯಾಕೋ ಆಗುವುದಿಲ್ಲ. ಸಮಯ ಹೇಗೂ ಆನ್‌ಲೈನ್‌ನಲ್ಲಿ ಬರುತ್ತದೆ. ಯಾವ ಸ್ಕ್ರ್ಯಾಂಬಲ್ ಕಷ್ಟ ಆಯ್ತು ಅಂತ ಕೇಳಿ ನೋಡಿ, ಹತ್ತು ನಿಮಿಷ ನಿಲ್ಲಿಸದೆ ಹೇಳುತ್ತಾಳೆ. ಆದರೆ ನೀವೇ ಮುಂದಿನ ಗುಂಪಿನಲ್ಲಿದ್ದರೆ ಆ ಮಾತು ನಿಮ್ಮದೂ ಮುಗಿದ ಮೇಲೆ.

ಆಡಿ ಮುಗಿದರೆ ಕೆಲಸ ಮುಗಿಯಿತು ಅಂತ ಅಲ್ಲ. ಈ ಸ್ಪರ್ಧೆಗಳನ್ನು ನಡೆಸುವವರು ಸ್ಪರ್ಧಿಗಳೇ. ಒಂದು ಗುಂಪಿನಲ್ಲಿ ಆಡಿ ಇನ್ನೊಂದು ಗುಂಪಿಗೆ ಜಡ್ಜ್ ಆಗುತ್ತೀರಿ, ಇಲ್ಲವೇ ಕ್ಯೂಬ್ ಹೊತ್ತು ತರುವ ರನ್ನರ್. ಯಾವ ಗುಂಪು, ಯಾವ ಕೆಲಸ ಅಂತ ಮೊದಲೇ ಪಟ್ಟಿ ಬರುತ್ತದೆ, ತಪ್ಪಿಸಿಕೊಳ್ಳಬೇಡಿ. ಸಾಧ್ಯವಾದರೆ ನಿಮ್ಮ ಸಾಲ್ವ್‌ಗಿಂತ ಮೊದಲೇ ಜಡ್ಜ್ ಮಾಡುವ ಗುಂಪು ಸಿಗುತ್ತದಾ ಅಂತ ಕೇಳಿ. ಐದು ಜನರಿಗೆ ಸ್ಟಾಪ್‌ವಾಚ್ ಹಿಡಿದು ಎಂಟು, ಹನ್ನೆರಡು ಅಂದ ಮೇಲೆ ನಿಯಮದ ಪುಸ್ತಕದ ಭಯ ಇರುವುದಿಲ್ಲ. ಬೆಳಗ್ಗೆ ಹೊಸಬರಿಗೆ ಪಾಠ ಇಟ್ಟಿರುತ್ತಾರೆ ಸಾಮಾನ್ಯವಾಗಿ, ಅದಕ್ಕೆ ತಡ ಮಾಡದೆ ಹೋಗಿ.

ಹೊರಡುವಾಗ ನಿಮ್ಮ ಕ್ಯೂಬ್ ವಾಪಸ್ ಸಿಕ್ಕಿತಾ ನೋಡಿಕೊಳ್ಳಿ, ಮರೆತು ಹೋಗುವವರು ಪ್ರತಿ ಸಲ ಇರುತ್ತಾರೆ. ಕೆಲವು ದಿನದಲ್ಲಿ ಫಲಿತಾಂಶ ವೆಬ್‌ಸೈಟಿನಲ್ಲಿ ಬರುತ್ತದೆ, ಜೊತೆಗೆ ಇಬ್ಬರಿಗೂ ಡಬ್ಲ್ಯೂಸಿಎ ಐಡಿ. ಮೊದಲು ವರ್ಷ, ಆಮೇಲೆ ಹೆಸರಿನ ನಾಲ್ಕು ಅಕ್ಷರ, ಕೊನೆಗೆ ಎರಡು ಅಂಕಿ. ಅದು ಜೀವನಪೂರ್ತಿ ಅದೇ. ಮುಂದಿನ ಸ್ಪರ್ಧೆಗೆ ಹಳೆಯ ಖಾತೆಯಿಂದಲೇ ಹೆಸರು ಕೊಡಿ, ಪಾಸ್‌ವರ್ಡ್ ಮರೆತು ಹೊಸ ಖಾತೆ ತೆರೆದರೆ ಒಬ್ಬರಿಗೇ ಎರಡು ಐಡಿ ಆಗಿ ಡೆಲಿಗೇಟ್‌ಗೆ ತಲೆನೋವು.